ಇಪ್ಪತ್ತೇಳು ಕರೆಗಳ ಬಿಲ್ಲು

ಮಧ್ಯಾಹ್ನ ಹನ್ನೆರಡೂಮುಕ್ಕಾಲಿಗೆ ನಮ್ಮ ಹೋಟೆಲಿನಲ್ಲಿ ಒಬ್ಬರ ಮುಖ ಒಬ್ಬರು ನೋಡುವಷ್ಟು ಪುರುಸೊತ್ತು ಇರುವುದಿಲ್ಲ. ಗಲ್ಲಾದ ಎದುರು ಊಟದ ಟೋಕನ್ನಿಗೆ ಸಾಲು, ಒಳಗಿನಿಂದ ಸಾರು ಮುಗಿಯಿತೆಂಬ ಕೂಗು, ಬಾಗಿಲಲ್ಲಿ ಪಾರ್ಸೆಲ್ ಒಯ್ಯುವವರ ಗುಂಪು. ಆ ಬುಧವಾರ ಸರಿಯಾಗಿ ಅದೇ ಹೊತ್ತಿಗೆ ಆಡಿಟರ್ ಶ್ರೀನಾಥರ ಆಫೀಸಿನಿಂದ ನನ್ನ ಫೋನಿಗೆ ವಾಟ್ಸಾಪ್ ಬಂತು. ಸೋಮವಾರದಿಂದ ಕೇಳುತ್ತಿದ್ದ ಮೂರು ವರ್ಷದ ಇನ್‌ಕಂ ಟ್ಯಾಕ್ಸ್ ರಿಟರ್ನ್ಸ್ ಅಂತೂ ಬಂತಲ್ಲ ಎಂದು ತೆರೆದರೆ, ಬಂದದ್ದು ಬಿಲ್ಲು. ನಲವತ್ತೊಂದು ಸಾವಿರದ ಮುನ್ನೂರು ರೂಪಾಯಿ.

ಎದುರು ನಿಂತಿದ್ದವರು ಎರಡು ಊಟ ಕೇಳಿದ್ದರು. ನಾನು ನಾಲ್ಕು ಟೋಕನ್ ಹರಿದು ಕೊಟ್ಟೆ.

ಆ ರಿಟರ್ನ್ಸ್ ಯಾಕೆ ಬೇಕಿತ್ತು ಎಂದರೆ, ಪೆರುಂಗುಡಿಯ ಒಂದು ಕಂಪನಿಯವರು ತಮ್ಮ ಕ್ಯಾಂಟೀನಿಗೆ ಟೆಂಡರ್ ಕರೆದಿದ್ದರು. ಅರ್ಜಿಯ ಜೊತೆ ಮೂರು ವರ್ಷದ ರಿಟರ್ನ್ಸ್ ಇಡಬೇಕು. ಶುಕ್ರವಾರ ಸಂಜೆ ನಾಲ್ಕಕ್ಕೆ ಗಡುವು. ಲಾಭದ ವಿಷಯ ನನ್ನ ಗಂಡ ಮಿಥುನ್ ಯೋಚಿಸಿದ್ದರು. ನನಗೆ ಬೇಕಾಗಿದ್ದದ್ದು ಭಾನುವಾರ. ಹದಿನಾಲ್ಕು ವರ್ಷದಿಂದ ದಿನಾ ಬೆಳಗಿನ ನಾಲ್ಕಕ್ಕೆ ಎದ್ದು ಗ್ರೈಂಡರಿನ ಎದುರು ನಿಲ್ಲುತ್ತಿದ್ದೇನೆ. ಕಾಲಿನ ನರಗಳು ಹಸಿರಾಗಿ ಉಬ್ಬಿ ನಿಂತಿವೆ. ಭಾನುವಾರ ನಮ್ಮಲ್ಲಿ ಎಲ್ಲಕ್ಕಿಂತ ಹೆಚ್ಚು ವ್ಯಾಪಾರ, ಆದ್ದರಿಂದ ರಜೆ ಎಂಬ ಮಾತನ್ನೇ ಮಿಥುನ್ ಎತ್ತಗೊಡುವುದಿಲ್ಲ. ಕ್ಯಾಂಟೀನ್ ಸಿಕ್ಕರೆ ಈ ಹೋಟೆಲ್ ಬಿಟ್ಟು ಅಲ್ಲಿಗೇ ಹೋಗುವುದೆಂದು ಮಾತಾಗಿತ್ತು. "ಕಂಪನಿ ಅಲ್ದಾ ಮಾರಾಯ್ತಿ, ಭಾನುವಾರ ಯಾರ್ ಬತ್ರ್ ಅಲ್ಲಿ?" ಎಂದಿದ್ದರು ಮಿಥುನ್. ಅಂದಿನಿಂದ ನನ್ನ ತಲೆಯಲ್ಲಿ ಇದ್ದದ್ದು ಒಂದೇ, ವಾರಕ್ಕೊಂದು ದಿನ ಎಂಟು ಗಂಟೆಯವರೆಗೆ ಮಲಗಬೇಕು. ಬೇರೆ ಏನೂ ಮಾಡಬೇಕಾಗಿಲ್ಲ, ಸುಮ್ಮನೆ ಮಲಗಬೇಕು.

ಶ್ರೀನಾಥರು ಆರು ವರ್ಷದಿಂದ ನಮ್ಮ ಲೆಕ್ಕ ನೋಡುತ್ತಿದ್ದಾರೆ. ಮೈಸೂರಿನವರು. ಆಫೀಸು ನುಂಗಂಬಾಕ್ಕಂನಲ್ಲಿ, ಮನೆ ಮಾತ್ರ ವೇಲಚೇರಿಯಲ್ಲಿ, ನಮ್ಮ ಪಕ್ಕದ ಬೀದಿಯಲ್ಲೇ. ನಾವು ಕುಂದಾಪುರದ ಕಡೆಯವರು. ಊರಿನಲ್ಲಿ ಇದ್ದಿದ್ದರೆ ಮೈಸೂರಿನವರ ಮಾತು ಕೇಳಿ ನಾವು ನಗುತ್ತಿದ್ದೆವು, ನಮ್ಮದು ಕೇಳಿ ಅವರು ನಗುತ್ತಿದ್ದರು. ಈ ತಮಿಳು ಊರಿನಲ್ಲಿ ಹಾಗಲ್ಲ. ಬಾಗಿಲಲ್ಲಿ ನಿಂತು ಕನ್ನಡದಲ್ಲಿ ಒಂದು ಕಾಫಿ ಕೇಳಿದರೆ ಸಾಕು, ಅವರು ನಮ್ಮವರಾಗಿಬಿಡುತ್ತಾರೆ.

ನಮ್ಮವರ ಹತ್ತಿರ ಫೀಸು ಎಷ್ಟು ಎಂದು ಕೇಳುವುದು ಹೇಗೆ? ಮೊದಲ ವರ್ಷ ಮಿಥುನ್ ತಲೆ ಕೆರೆದುಕೊಳ್ಳುತ್ತ ಕೇಳಿದ್ದರು. "ಛೇ ಛೇ, ನಮ್ಮೋರ ಹತ್ರ ಏನ್ರೀ ಲೆಕ್ಕ? ಕೊಟ್ಟಷ್ಟು ಕೊಡಿ" ಎಂದು ಶ್ರೀನಾಥರು ಕೈ ಆಡಿಸಿಬಿಟ್ಟರು. ಹಾಗಾಗಿ ಪ್ರತಿ ಆಯುಧಪೂಜೆಯ ದಿನ ತಟ್ಟೆಯಲ್ಲಿ ವೀಳ್ಯದೆಲೆ, ಬಾಳೆಹಣ್ಣು, ಮೇಲೊಂದು ಕವರು. ಕವರಿನಲ್ಲಿ ಐದು ಸಾವಿರದ ಒಂದು ರೂಪಾಯಿ. ಅವರು ಅದನ್ನು ಕಣ್ಣಿಗೊತ್ತಿಕೊಂಡು, ತೆರೆದೂ ನೋಡದೆ ಚೀಲಕ್ಕೆ ಹಾಕುತ್ತಿದ್ದರು. ದಿನಾ ಬೆಳಿಗ್ಗೆ ಏಳಕ್ಕೆ ಬಂದು ಎರಡು ಬನ್ಸು, ಒಂದು ಕಾಫಿ. ಅದಕ್ಕೆ ನಾವು ಟೋಕನ್ ಹರಿದವರಲ್ಲ, ಅವರು ಜೇಬಿಗೆ ಕೈ ಹಾಕಿದವರಲ್ಲ. ಎರಡು ಕಡೆಗೂ ಮರ್ಯಾದೆಯ ವ್ಯವಹಾರ ಎಂದು ನಾನು ನಂಬಿದ್ದೆ. ಎಂಥ ಪೆದ್ದಿ ನಾನು.

ಮೂರು ಗಂಟೆಗೆ ಸಾಲು ಕರಗಿದ ಮೇಲೆ ಬಿಲ್ಲನ್ನು ದೊಡ್ಡದು ಮಾಡಿಕೊಂಡು ಓದಿದೆ. ಮೂರು ವರ್ಷದ ಫೀಸಿನಲ್ಲಿ ಪರಿಷ್ಕರಣೆಯ ವ್ಯತ್ಯಾಸ, ಒಂಬತ್ತು ಸಾವಿರ. ಹಳೆಯ ದಾಖಲೆ ತೆಗೆದುಕೊಡಲು ಮೂರು ಸಾವಿರ. ಪಾಸ್‌ವರ್ಡ್ ಕಾಪಾಡಿದ್ದಕ್ಕೆ ನಾಲ್ಕೂವರೆ ಸಾವಿರ. ಟೆಂಡರ್ ಅರ್ಜಿ ಪರಿಶೀಲನೆಗೆ ಐದು ಸಾವಿರ. ಫೋನಿನಲ್ಲಿ ಸಮಾಲೋಚನೆ, ಇಪ್ಪತ್ತೇಳು ಕರೆ, ಕರೆಗೆ ಐನೂರರಂತೆ ಹದಿಮೂರೂವರೆ ಸಾವಿರ. ಇಷ್ಟರ ಮೇಲೆ ಜಿಎಸ್‌ಟಿ.

ಇಪ್ಪತ್ತೇಳು ಕರೆಗಳಿಗೂ ತಾರೀಖು ಹಾಕಿದ್ದರು, ಪುಣ್ಯಾತ್ಮರು. ನಮ್ಮ ಗಲ್ಲಾದ ಹಿಂದೆ ದಿನಕ್ಕೊಂದು ಹಾಳೆ ಹರಿಯುವ ತಮಿಳು ಕ್ಯಾಲೆಂಡರ್ ನೇತಾಡುತ್ತದೆ. ಆರ್ಡರುಗಳನ್ನೆಲ್ಲ ಆ ಹಾಳೆಗಳ ಹಿಂದೆಯೇ ಬರೆದು, ಮೊಳೆಗೆ ಚುಚ್ಚಿಡುವುದು ನನ್ನ ಅಭ್ಯಾಸ. ಒಂದೊಂದೇ ತೆಗೆದು ಹೊಂದಿಸಿದೆ. ನವೆಂಬರ್ ಹನ್ನೆರಡು, ಸಮಾಲೋಚನೆ ಒಂಬತ್ತು ನಿಮಿಷ. ಅದು ಅವರ ಮೊಮ್ಮಗಳ ನಾಮಕರಣಕ್ಕೆ ಎಲೆಯ ಕೊಟ್ಟೆಯಲ್ಲಿ ಬೇಯಿಸುವ ಕಡುಬು ಅರವತ್ತು ಬೇಕೆಂದು ಹೇಳಿದ ದಿನ. ಹಲಸಿನ ಎಲೆ ಬಿಚ್ಚದ ಹಾಗೆ ಮತ್ತೆ ಬಿಸಿ ಮಾಡುವುದು ಹೇಗೆಂದು ಅವರ ಹೆಂಡತಿಗೆ ನಾನೇ ವಿವರವಾಗಿ ಹೇಳಿಕೊಟ್ಟಿದ್ದೆ. ಸಲಹೆ ಕೊಟ್ಟವಳು ನಾನು, ಬಿಲ್ಲು ಬಂದದ್ದೂ ನನಗೆ. ಇಂಥವೇ ಹನ್ನೊಂದು ಕರೆ ಸಿಕ್ಕವು. ಒಂದರಲ್ಲಿ ಅವರು ಇವತ್ತು ನೀರುದೋಸೆ ಉಂಟೋ ಎಂದು ಮಾತ್ರ ಕೇಳಿದ್ದರು.

ನಾನು ಫೋನು ಮಾಡಿದೆ.

"ಸಾರ್, ಸೌಪರ್ಣಿಕಾ ಹೋಟ್ಲಿಂದ ತುಂಗಾ ಮಾತಾಡುದು. ಬಿಲ್ಲ್ ಬಂತ್. ಇದ್ರಲ್ಲಿ ಸ್ವಲ್ಪ ಕೇಳುಕಿತ್ತ್."

"ಹಾಂ ಹಾಂ, ನಮಸ್ಕಾರಮ್ಮಾ. ಯಜಮಾನ್ರಿಗೆ ಕೊಡಿ ಫೋನು."

"ಬಿಲ್ಲ್ ನನ್ನ ಹೆಸ್ರಿಗಲ್ದಾ ಸಾರ್ ಬಂದದ್ದ್?"

"ಅದು ಸರಿನಮ್ಮಾ. ಇವೆಲ್ಲ ನಿಮಗ್ಯಾಕೆ ತಲೆನೋವು? ಯಜಮಾನ್ರಿಗೆ ಕೊಡಿ, ನಾನು ಹೇಳ್ತೀನಿ."

ಮಿಥುನ್ ಫೋನು ಹಿಡಿದುಕೊಂಡು ಎದ್ದು ನಿಂತರು. ಆಡಿಟರ್ ಜೊತೆ ಅವರು ಕೂತು ಮಾತಾಡಿದ್ದನ್ನು ನಾನು ಕಂಡಿಲ್ಲ. "ಹೌದು ಸಾರ್. ಆಯ್ತು ಸಾರ್. ಅಯ್ಯೋ ಇಲ್ಲ ಸಾರ್, ಅವಳಿಗೆ ಗೊತ್ತಾಗುದಿಲ್ಲ ಸಾರ್. ನೋಡುವ ಸಾರ್." ಇಷ್ಟೇ. ಫೋನು ಇಟ್ಟು ನನ್ನ ಕಡೆ ನೋಡದೆ ಮೇಜು ಒರೆಸಲು ಹೋದರು. ಆ ಮೇಜು ಆಗಲೇ ಒರೆಸಿ ಆಗಿತ್ತು.

"ಹ್ವಾಯ್, ಎಂತ ಹೇಳ್ರ್?" ಎಂದೆ.

"ಈಗ ಎಲ್ಲ ಸಿಸ್ಟಂ ಅಂಬ್ರ್. ಅಳಿಯ ಬಂದ್ ಆಫೀಸ್ ನೋಡ್ಕಂತ್ರ್ ಅಂಬ್ರ್. ದುಡ್ಡ್ ಬಂದ್ರೆ ಕಾಪಿ ಕಳಿಸ್ತ್ರ್."

"ಕಡುಬಿನ ಫೋನಿಗೆ ಐನೂರ್ ಹಾಕಿರಲ್ದಾ, ಅದ್ ಕೇಂಡ್ರ್ಯಾ?"

"ಹಾಂಗೆಲ್ಲ ಕೇಂಬುಕ್ ಆತಿಲ್ಲ ತುಂಗಾ. ಅವ್ರ್ ಮಾಡಿದ್ದ್ ಮರೀಬಾರ್ದ್."

ಅವರು ಮಾಡಿದ್ದೂ ನಿಜವೇ. ಆರು ವರ್ಷದ ಹಿಂದೆ ಮಿಥುನ್ ದಾಯಾದಿಯೊಬ್ಬನ ಸಾಲಕ್ಕೆ ಜಾಮೀನು ನಿಂತು, ಅವನು ಕೈಯೆತ್ತಿ, ಬ್ಯಾಂಕಿನಲ್ಲಿ ಇವರ ಹೆಸರು ಕೆಟ್ಟು ಕೂತಿತ್ತು. ಆಗ ಶ್ರೀನಾಥರೇ ಹೋಟೆಲನ್ನು ನನ್ನ ಹೆಸರಿಗೆ ಮಾಡಿಸಿ, ಲೈಸೆನ್ಸು, ಖಾತೆ, ಜಿಎಸ್‌ಟಿ ಎಲ್ಲ ಓಡಾಡಿ ಕೊಡಿಸಿದರು. ಗುರುತು ಹಾಕಿದ ಕಡೆಗೆಲ್ಲ ನಾನು ಸಹಿ ಹಾಕಿದೆ. ಅಂದಿನಿಂದ ನಾನು ಪ್ರೊಪ್ರೈಟರ್. ಪ್ರತಿ ತಿಂಗಳ ಒಂದನೇ ತಾರೀಖು ಮಿಥುನ್ ಚೆಕ್ ಪುಸ್ತಕ ತಂದು ಗಲ್ಲಾದ ಮೇಲಿಡುತ್ತಾರೆ, ನಾನು ಹತ್ತು ಖಾಲಿ ಹಾಳೆಗೆ ಸಹಿ ಮಾಡುತ್ತೇನೆ. ಇನ್‌ಕಂ ಟ್ಯಾಕ್ಸಿನವರ ಕಡೆ ಕೊಟ್ಟ ಫೋನು ನಂಬರು, ಈಮೇಲು ಎರಡೂ ಶ್ರೀನಾಥರ ಆಫೀಸಿನವೇ. "ಓಟಿಪಿ ಬಂದಾಗ ನೀವು ಗಲ್ಲಾದಲ್ಲಿ ಇರ್ತೀರಿ, ಸುಮ್ನೆ ತೊಂದ್ರೆ" ಎಂದು ಅವರೇ ಹಾಗೆ ಮಾಡಿದ್ದರು. ನಮಗೂ ಉಪಕಾರವಾಯಿತು ಎಂದುಕೊಂಡಿದ್ದೆವು. ಈಗ ನನ್ನದೇ ರಿಟರ್ನ್ಸ್ ನೋಡಬೇಕಾದರೆ ಅವರ ಮೇಜಿನ ಮೇಲಿನ ಫೋನು ಕಿಣಿಕಿಣಿ ಎನ್ನಬೇಕು.

ಬಿಲ್ಲು ಕಳಿಸಿದ ಮರುದಿನ ಅವರು ಬೆಳಗಿನ ಕಾಫಿಗೆ ಬರಲಿಲ್ಲ. ತಿಂಡಿಯ ಗಲಾಟೆ ಮುಗಿಯುತ್ತಲೇ ನಾನು ಸೀರೆ ಬದಲಾಯಿಸಿ, ಕ್ಯಾಲೆಂಡರಿನ ಹನ್ನೊಂದು ಹಾಳೆ ಚೀಲಕ್ಕೆ ಹಾಕಿಕೊಂಡು ಹೊರಟೆ. ವೇಲಚೇರಿಯಲ್ಲಿ ರೈಲು ಹತ್ತಿ, ಪಾರ್ಕ್ ಟೌನಿನಲ್ಲಿ ಇಳಿದು, ರಸ್ತೆ ದಾಟಿ ಇನ್ನೊಂದು ಲೋಕಲ್ ಹಿಡಿದು ನುಂಗಂಬಾಕ್ಕಂ ತಲುಪುವಷ್ಟರಲ್ಲಿ ನನ್ನ ಸಿಟ್ಟು ಆರಬೇಕಿತ್ತು. ಆರಲಿಲ್ಲ, ಮೆಟ್ಟಿಲು ಹತ್ತಿ ಹತ್ತಿ ಇನ್ನಷ್ಟು ಏರಿತು.

ಆಫೀಸು ಗುರುತು ಸಿಗದ ಹಾಗೆ ಬದಲಾಗಿತ್ತು. ಮೊದಲು ಕಬ್ಬಿಣದ ಬೀರು, ದಾರ ಕಟ್ಟಿದ ಫೈಲುಗಳು ಇದ್ದವು. ಈಗ ಗಾಜಿನ ಬಾಗಿಲು, ಎಸಿ, ಬಿಳಿ ಗೋಡೆ. ಈ ಗಾಜಿನಲ್ಲಿ ನಮ್ಮ ಕಡುಬಿನ ಪಾಲು ಎಷ್ಟೋ ಎಂದು ಯೋಚಿಸುತ್ತ ಇಪ್ಪತ್ತು ನಿಮಿಷ ಕೂತೆ.

"ಬನ್ನಿ ಬನ್ನಿ ತುಂಗಾ ಅವ್ರೇ. ಯಜಮಾನ್ರು ಬರ್ಲಿಲ್ವಾ?" ಎಂದರು ಶ್ರೀನಾಥರು. ಮುಖದಲ್ಲಿ ಕೆಟ್ಟತನ ಇರಲಿಲ್ಲ, ಅದೇ ನನಗೆ ಹೆಚ್ಚು ಉರಿ ಹತ್ತಿಸಿತು. ನನಗೊಂದು ಕಾಫಿ ತರಿಸಿದರು. ಮಷೀನಿನದು, ಸಕ್ಕರೆ ನೀರು.

ನಾನು ಹಾಳೆಗಳನ್ನು ಮೇಜಿನ ಮೇಲೆ ಹರಡಿದೆ. "ಸಾರ್, ಇದ್ ನಾಮಕರಣದ ಕಡುಬು. ಇದ್ ನಿಮ್ಮ ಮನೆ ಸತ್ಯನಾರಾಯಣ ಪೂಜೆಗೆ ಹೇಳಿದ್ದ್. ಇದ್ ನೀರುದೋಸೆ ಉಂಟಾ ಕೇಳಿದ್ದ್. ಈ ಹನ್ನೊಂದೂ ನೀವ್ ನಮ್ಗೆ ಮಾಡಿದ ಫೋನ್. ಇದಕ್ಕೆ ನಾವ್ ಎಂತಕ್ಕೆ ದುಡ್ಡ್ ಕೊಡುದು?"

ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿ ಹಾಳೆಗಳನ್ನು ನೋಡಿದರು. ನಿಜವಾಗಿಯೂ ನಾಚಿದರು, ಸುಳ್ಳು ಹೇಳಬಾರದು. "ಅಯ್ಯೋ, ಇದನ್ನೆಲ್ಲ ಸಾಫ್ಟ್‌ವೇರ್ ತಾನೇ ಲೆಕ್ಕ ಹಾಕತ್ತಮ್ಮಾ. ಕ್ಲೈಂಟ್ ನಂಬರು ಅಂತ ಇದ್ರೆ ಎತ್ಕೊಂಡ್ಬಿಡತ್ತೆ. ನಮ್ಮ ಅಳಿಯಂದ್ರು ರವಿಕಿರಣ್ ಹಾಕ್ಸಿರೋದು."

"ಹಾಂಗಾರೆ ತೆಗೀರಿ ಸಾರ್."

"ಬಿಲ್ ಆದ್ಮೇಲೆ ತೆಗೆಯೋಕೆ ಬರಲ್ಲ. ಅದಕ್ಕೆ ಅವರೇ ಒಪ್ಪಬೇಕು, ಅವರು ಈಗ ಟೂರ್‌ನಲ್ಲಿದಾರೆ. ನೋಡಿ, ನಿಮಗೋಸ್ಕರ ಒಂದು ಮಾಡ್ತೀನಿ. ಮೇಲಿನ ಸಾವಿರದ ಮುನ್ನೂರು ಬಿಡಿ. ನಲವತ್ತು ಸಾವಿರ ಮಾಡ್ಬಿಡಿ."

"ಟೆಂಡರ್ ನೋಡಿದ್ದಕ್ಕೆ ಐದ್ ಸಾವಿರ ಹಾಕಿದ್ರಿ. ಎಂತ ನೋಡಿದ್ರಿ ಸಾರ್?"

"ಪೂರ್ತಿ ನೋಡಿದೀನಮ್ಮಾ, ಎಲ್ಲ ಸರಿಯಾಗಿದೆ. ನೀವು ಸೈನ್ ಮಾಡೋದೊಂದೇ ಬಾಕಿ."

"ಪಾಸ್‌ವರ್ಡ್ ಕೊಡಿ. ನಾವೇ ತೆಕ್ಕಂತ್."

"ಅದು ಆಫೀಸ್ ರೂಲ್ಸು. ಬಾಕಿ ಇರೋವಾಗ ಕೊಡೋ ಹಾಗಿಲ್ಲ. ನಾನು ಮಿಥುನ್ ಹತ್ರ ಮಾತಾಡ್ತೀನಿ ಬಿಡಿ."

"ಸಾರ್, ಹೋಟ್ಲ್ ನಂದು. ನಾನ್ ಪ್ರೊಪ್ರೈಟರ್."

ಅವರು ನಕ್ಕರು. ಮಗುವಿನ ತಲೆ ಸವರುವವರ ನಗು. "ಅದನ್ನ ಮಾಡಿಕೊಟ್ಟೋನೇ ನಾನಲ್ವೇ ತಾಯಿ. ಹೆಸರಿಗೆ ತಾನೇ?"

ಹಾಳೆಗಳನ್ನು ಕೂಡಿಸಿಕೊಂಡು ಎದ್ದೆ. ಗಾಜಿನ ಬಾಗಿಲನ್ನು ಎಳೆಯಬೇಕೋ ತಳ್ಳಬೇಕೋ ತಿಳಿಯದೆ ಅಲ್ಲೂ ಒಂದು ಕ್ಷಣ ಒದ್ದಾಡಿದೆ. ಲೋಕಲ್ ರೈಲಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿದರೂ ಕೂರುವ ಮನಸ್ಸಾಗಲಿಲ್ಲ. ಹೆಸರಿಗೆ ತಾನೇ? ಹೌದು, ನಾನೂ ಆರು ವರ್ಷ ಎಲ್ಲರಿಗೂ ಹಾಗೇ ಹೇಳಿಕೊಂಡು ಬಂದಿದ್ದೆ. ಯಾರಾದರೂ ಹೋಟೆಲ್ ಯಾರದು ಎಂದರೆ, ಅವರದೇ, ನನ್ನದು ಹೆಸರಿಗೆ ಎನ್ನುತ್ತಿದ್ದೆ. ನಾಲ್ಕು ಗಂಟೆಗೆ ಏಳುವ ಕಾಲು ಮಾತ್ರ ಹೆಸರಿಗಲ್ಲ.

ಹುಡುಗಿಯೊಬ್ಬಳು ರೈಲಿನಲ್ಲಿ ಫೋನು ಹಿಡಿದು ಯಾರಿಗೋ ದುಡ್ಡು ಕಳಿಸಲು ಒದ್ದಾಡುತ್ತಿದ್ದಳು. ಅವಳನ್ನು ನೋಡಿ ನನ್ನ ತಲೆಗೆ ಬೇರೆ ಒಂದು ವಿಷಯ ಬಂತು. ನಮ್ಮ ಗಲ್ಲಾದಲ್ಲಿ ದಿನಕ್ಕೆ ಒಬ್ಬರಾದರೂ ಊಟ ಮಾಡಿದ ಮೇಲೆ ಪಿನ್ ಮರೆತು ನಿಂತುಬಿಡುತ್ತಾರೆ. ಆಗ ನಾನೇ ಹೇಳಿಕೊಡುವುದು. ಮರೆತೆ ಅಂತ ಒತ್ತಿ, ಆಧಾರ್ ಅಂತ ಒತ್ತಿ, ನಿಮ್ಮ ಆಧಾರಿಗೆ ಕೊಟ್ಟ ನಂಬರಿಗೆ ಓಟಿಪಿ ಬರುತ್ತದೆ. ಎಷ್ಟು ಜನರಿಗೆ ಹೇಳಿದ್ದೇನೋ. ನನ್ನ ಆಧಾರಿನಲ್ಲಿ ಇರುವುದು ನನ್ನ ನಂಬರು. ಅದನ್ನು ಯಾವ ಆಡಿಟರೂ ಬದಲಾಯಿಸಿಲ್ಲ. ಇನ್‌ಕಂ ಟ್ಯಾಕ್ಸಿನವರ ಕಡೆಯೂ ಮರೆತೆ ಎನ್ನುವ ಗುಂಡಿ ಇರಲೇಬೇಕಲ್ಲ?

ಮನೆಗೆ ಬಂದಾಗ ಮೂರೂವರೆ. ಮಿಥುನ್ ಮುಖ ದಪ್ಪ ಮಾಡಿಕೊಂಡು ಕೂತಿದ್ದರು. ಶ್ರೀನಾಥರ ಫೋನು ಆಗಲೇ ಬಂದಿತ್ತಂತೆ.

"ಕಡುಬಿನ ಲೆಕ್ಕ ಹಿಡ್ಕಂಡ್ ಅವ್ರ್ ಆಫೀಸಿಗ್ ಹೋದ್ಯಾ? ನಾಳೆ ಅವ್ರಿಗ್ ಮುಖ ತೋರ್ಸುದ್ ಹ್ಯಾಂಗೆ ನಾನ್?"

"ಕಡುಬಿಗ್ ದುಡ್ಡ್ ಹಾಕ್ದೋರಿಗೆ ಇಲ್ದಿದ್ ನಾಚ್ಕೆ ನಿಮ್ಗ್ ಎಂತಕ್ಕೆ?"

ಅವರು ಅಂಗಿ ಹಾಕಿಕೊಂಡು, ಹೂವು ತರುತ್ತೇನೆಂದು ಹೊರಟರು. ಹೂವು ತರಲು ಅವರು ಎಂದೂ ಹೋದವರಲ್ಲ. ನನಗೆ ಆಗಲೇ ಗೊತ್ತಾಗಬೇಕಿತ್ತು.

ಶುಕ್ರವಾರ ಹನ್ನೊಂದು ಗಂಟೆಗೆ, ಹೋಟೆಲಿನ ಮೇಲಿನ ನಮ್ಮ ಎರಡು ಕೋಣೆಯ ಮನೆಯಲ್ಲಿ, ಮಗಳು ವೀಕ್ಷಾ ಲ್ಯಾಪ್‌ಟಾಪ್ ತೆರೆದು ಕೂತಳು. ಹನ್ನೆರಡನೇ ಕ್ಲಾಸು, ಪರೀಕ್ಷೆಗೆ ಓದಿಕೊಳ್ಳಲು ರಜೆ. ಅವಳಿಗೆ ನಮ್ಮ ಮಾತು ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ತಮಿಳಿನಲ್ಲೇ.

"ಮರ್ತೆ ಅಂಬುದು ಇತ್ತಾ ಕಾಣ್" ಎಂದೆ.

"ಇರುಕ್ಕುಮ್ಮಾ," ಇದೆ ಎಂದಳು. ಆಮೇಲೆ, "ಆಧಾರ್ ಓಟಿಪಿಯುಂ ಇರುಕ್ಕು."

ನನ್ನ ಆಧಾರ್ ನಂಬರು ಬಾಯಿಪಾಠ. ಹೇಳಿದೆ. ಪುಟ ತಿರುಗಿತು, ನಿಂತಿತು, ಮತ್ತೆ ತಿರುಗಿತು. ನನ್ನ ಕೈಯಲ್ಲಿದ್ದ ಫೋನು ಒಮ್ಮೆ ನಡುಗಿತು. ಆರು ಅಂಕಿ. ಪ್ರತಿಯೊಂದನ್ನೂ ನಾನು ಜೋರಾಗಿ ಓದಿದೆ, ಅವಳು ಒತ್ತಿದಳು. ಪಾಸ್‌ವರ್ಡ್ ಏನು ಹಾಕಲಿ ಎಂದಳು. ಹಾಕಿಸಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

"ಓಪನ್ ಆಯಿಡುಚ್ಚು," ಎಂದಳು ವೀಕ್ಷಾ. ಪರದೆಯ ಮೇಲಿನ ಮೂಲೆಗೆ ಬೆರಳಿಟ್ಟು, "ಅಮ್ಮಾ, ಉನ್ ಪೇರ್‌ದಾನ್ ಇರುಕ್ಕು."

ದೊಡ್ಡ ಅಕ್ಷರದಲ್ಲಿ ನನ್ನದೇ ಹೆಸರು. ಅದರ ಕೆಳಗೆ ಫೋನು ನಂಬರು ಮಾತ್ರ ಶ್ರೀನಾಥರದು. ಮೊದಲು ಅದನ್ನು ತೆಗೆಸಿ ನನ್ನದು ಹಾಕಿಸಿದೆ. ಆಮೇಲೆ ಮೂರು ವರ್ಷದ ರಿಟರ್ನ್ಸ್ ಇಳಿಸಿಕೊಂಡೆವು. ಒಟ್ಟು ಇಪ್ಪತ್ತು ನಿಮಿಷದ ಕೆಲಸ. ಇಷ್ಟಕ್ಕಾಗಿ ಎರಡು ರೈಲು ಹತ್ತಿ ಹೋಗಿ ಸಕ್ಕರೆ ನೀರು ಕುಡಿದು ಬಂದಿದ್ದೆ. ನಗುವೂ ಬಂತು, ಅಳುವೂ ಬಂತು. ವೀಕ್ಷಾ ಪ್ರಿಂಟ್ ಹಾಕಿಸಲು ಓಡಿದಳು. ನಾನು ಕೆಳಗಿಳಿದು ಗಲ್ಲಾದಲ್ಲಿ ಕೂತೆ. ಅವತ್ತು ಹೆಚ್ಚು ಕೇಳಿದವರಿಗೆಲ್ಲ ಉಪ್ಪಿನಕಾಯಿ ಕೊಡಿಸಿದೆ.

ಒಂದು ಗಂಟೆ ಹತ್ತು ನಿಮಿಷಕ್ಕೆ ಫೋನು ಮತ್ತೆ ನಡುಗಿತು. ಬ್ಯಾಂಕಿನ ಮೆಸೇಜು. ಹೋಟೆಲಿನ ಖಾತೆಯಿಂದ ಚೆಕ್ ಮೂಲಕ ನಲವತ್ತೊಂದು ಸಾವಿರದ ಮುನ್ನೂರು ರೂಪಾಯಿ ಹೋಗಿದೆ.

ನಲವತ್ತು ಕೂಡ ಅಲ್ಲ. ನಾನು ಹೋಗಿ ಜಗಳವಾಡಿ ಇಳಿಸಿದ್ದ ಸಾವಿರದ ಮುನ್ನೂರನ್ನೂ ಸೇರಿಸಿ ಕೊಟ್ಟಿದ್ದರು ಮಹಾರಾಯರು. ಹಿಂದೆಯೇ ಮಿಥುನ್ ತಮ್ಮ ಫೋನು ಹಿಡಿದು ಒಳಗಿನಿಂದ ಬಂದರು. ಮುಖ ಅರಳಿತ್ತು. "ಕಾಣ್, ಕಾಪಿ ಕಳಿಸ್ರ್! ಮೂರೂ ವರ್ಷದ್ದ್!"

ನಾನು ಚೀಲದಿಂದ ಪ್ರಿಂಟುಗಳನ್ನು ತೆಗೆದು ಗಲ್ಲಾದ ಮೇಲಿಟ್ಟೆ. ಅವರು ಅವನ್ನೊಮ್ಮೆ, ಫೋನನ್ನೊಮ್ಮೆ ನೋಡಿದರು.

"ನಿನ್ನೆ ಹೂ ತಪ್ಪುಕೆ ಹೋದ್ದ್ ಇದಕ್ಕಾ?" ಎಂದೆ. ಸಾಲಿನಲ್ಲಿ ಹತ್ತು ಜನ ಇದ್ದರು. ಅವರಿಗೆ ಕನ್ನಡ ಬರುವುದಿಲ್ಲ, ಆದರೆ ನನ್ನ ದನಿಯಲ್ಲಿದ್ದದ್ದು ಎಲ್ಲರಿಗೂ ತಿಳಿಯಿತು. "ನನ್ನ ಸಹಿಯ ಚೆಕ್ಕನ್ನ ನನಗೆ ಹೇಳ್ದೆ ಕೊಟ್ರಿ. ನಾನ್ ಅಲ್ಲಿ ಕೂಕಂಡ್ ಐನೂರು ಐನೂರು ಅಂದ್ ಬಾಯಿ ಒಣಗ್ಸಿದೆ. ನಂಗೆ ಹೊಟ್ಟೆ ಉರಿತ್ತ್ ಮಿಥುನ್."

ಮದುವೆಯಾದ ಮೇಲೆ ನಾನು ಅವರ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಗಲ್ಲಾದ ಖಾನೆಯಲ್ಲಿ ಸಹಿ ಮಾಡಿದ ಚೆಕ್ಕುಗಳು ಇನ್ನೂ ಆರು ಇದ್ದವು. ಆರನ್ನೂ ತೆಗೆದು ನನ್ನ ಚೀಲಕ್ಕೆ ಹಾಕಿಕೊಂಡೆ.

ಎರಡೂವರೆಗೆ ಮಿಥುನ್ ಟೆಂಡರ್ ಅರ್ಜಿ ತಂದಿಟ್ಟರು. ಇಪ್ಪತ್ತನಾಲ್ಕು ಪುಟ, ಪ್ರತಿ ಪುಟದ ಕೆಳಗೂ ಪ್ರೊಪ್ರೈಟರ್ ಸಹಿ. ಎಲ್ಲಿ ಮಾಡಬೇಕೆಂದು ಪೆನ್ಸಿಲಿನಲ್ಲಿ ಗುರುತು ಹಾಕಿತ್ತು. ಹೊರಗೆ ಆಟೋ ಕಾಯುತ್ತಿತ್ತು. "ಬೇಗ ಮಾಡ್, ನಾಲ್ಕಕ್ಕೆ ಮುಚ್ತ್ರ್" ಎಂದರು, ಮೆಲ್ಲಗೆ.

ನಾನು ಮೊದಲ ಪುಟದಿಂದ ಓದಲು ಶುರು ಮಾಡಿದೆ. ನನ್ನ ಇಂಗ್ಲಿಷು ನಿಧಾನ. ಬೆರಳಿಟ್ಟು ಓದಬೇಕು. ಮಿಥುನ್ ಬಾಗಿಲಿಗೂ ಗಲ್ಲಾಕ್ಕೂ ನಡುವೆ ಓಡಾಡಿದರು. ತಿಳಿಯದ ಕಡೆ ವೀಕ್ಷಾಳನ್ನು ಕೇಳಿದೆ. ಓದಿದ ಪುಟಕ್ಕೆ ಸಹಿ, ಮುಂದಿನದಕ್ಕೆ ಬೆರಳು. ಹದಿನೇಳನೇ ಪುಟದಲ್ಲಿ ನನ್ನ ಬೆರಳು ನಿಂತಿತು. ಮತ್ತೊಮ್ಮೆ ಓದಿದೆ. ವೀಕ್ಷಾಳ ಕೈಯಲ್ಲಿ ಓದಿಸಿದೆ.

ಕ್ಯಾಂಟೀನು ವಾರದ ಏಳೂ ದಿನ, ಭಾನುವಾರವೂ ಸೇರಿದಂತೆ, ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ತೆರೆದಿರಬೇಕು. ಒಂದು ದಿನ ಮುಚ್ಚಿದರೆ ದಂಡ.

"ಇದ್ ಓದಿದ್ರ್ಯಾ?" ಎಂದು ಪುಟವನ್ನು ಮಿಥುನ್ ಕಡೆ ತಿರುಗಿಸಿದೆ.

ಅವರು ಬಗ್ಗಿ ಓದಿದರು. ಮುಖದ ಬಣ್ಣ ಇಳಿಯಿತು. ಮೋಸ ಮಾಡಿರಲಿಲ್ಲ, ಪಾಪ. ಅವರಿಗೆ ಅದು ತಿಳಿದೇ ಇರಲಿಲ್ಲ. "ನಾನ್ ಓದ್ಲಿಲ್ಲ. ಆಡಿಟರ್ ಓದಿದ್ರಲ್ದಾ..."

"ಹೌದ್. ಐದ್ ಸಾವಿರಕ್ಕೆ ಓದಿದ್ರ್."

"ಈಗ ಎಂತ ಮಾಡುದ್ ತುಂಗಾ? ಅಷ್ಟ್ ದುಡ್ಡ್ ಕೊಟ್ಟಾಯ್ತ್. ಸಹಿ ಮಾಡ್, ಭಾನುವಾರಕ್ಕೆ ಯಾರನ್ನಾರೂ ಇಡುವ, ಮತ್ತೆ ಕಾಂಬ."

ಮತ್ತೆ ಕಾಂಬ. ಆಮೇಲೆ ನೋಡೋಣ ಎಂಬ ಆ ಮಾತನ್ನು ಹದಿನಾಲ್ಕು ವರ್ಷ ಕೇಳಿದ್ದೇನೆ. ನಾನು ಪೆನ್ನಿನ ಮುಚ್ಚಳ ಹಾಕಿದೆ. ಆಟೋದವನು ಎರಡು ಸಲ ಹಾರನ್ ಹೊಡೆದ. ಮಿಥುನ್ ಬೇಡಿಕೊಂಡರು, ಆಮೇಲೆ ಕೂಗಾಡಿದರು, ಆಮೇಲೆ ಬಾಗಿಲಲ್ಲಿ ಹೋಗಿ ನಿಂತರು. ಗೋಡೆಯ ಗಡಿಯಾರದಲ್ಲಿ ಮೂರೂವರೆ ಆಯಿತು, ಮೂರೂಮುಕ್ಕಾಲು ಆಯಿತು. ಕಾಯಿಸಿದ್ದಕ್ಕೆ ಆಟೋದವನಿಗೆ ನೂರು ರೂಪಾಯಿ ಕೊಟ್ಟು ಕಳಿಸಿದೆ. ಅವನೊಬ್ಬನು ಮೊದಲೇ ಇಷ್ಟು ಅಂತ ಹೇಳಿ ಅಷ್ಟೇ ತೆಗೆದುಕೊಂಡ. ಆ ವಾರ ಅಂಥ ವ್ಯವಹಾರ ಅದೊಂದೇ.

ನಾಲ್ಕು ಗಂಟೆ ದಾಟಿದ ಮೇಲೆ ಗಲ್ಲಾದ ಹಿಂದೆ ತಲೆಯೆತ್ತಿ ನೋಡಿದೆ. ಗೋಡೆಯ ಮೇಲೆ ಲೈಸೆನ್ಸು, ಕಟ್ಟು ಹಾಕಿದ್ದು, ಮೇಲೆ ಎಣ್ಣೆಯ ಜಿಡ್ಡು. ಆರು ವರ್ಷದಿಂದ ಅದರ ಕೆಳಗೇ ಕೂತಿದ್ದೇನೆ. ಒದ್ದೆ ಬಟ್ಟೆ ತಂದು ಗಾಜು ಒರೆಸಿದೆ. ಪ್ರೊಪ್ರೈಟರ್, ತುಂಗಾ. ಎರಡು ರೈಲು ಹತ್ತಿ, ಮೂರು ದಿನ ಉರಿದು, ಭಾನುವಾರವನ್ನು ಪೆರುಂಗುಡಿಯಲ್ಲಿ ಹುಡುಕುತ್ತಿದ್ದೆನಲ್ಲ ಎನ್ನಿಸಿತು.

ಶನಿವಾರ ಮಧ್ಯಾಹ್ನ ವೀಕ್ಷಾಳಿಂದ ತಮಿಳಿನಲ್ಲಿ ಬರೆಸಿದೆ, ಕೆಳಗೆ ಕನ್ನಡದಲ್ಲಿ ನಾನೇ ಬರೆದೆ. ಇನ್ನು ಮುಂದೆ ಭಾನುವಾರ ರಜೆ. ಶಟರಿಗೆ ಅಂಟಿಸುವಾಗ ಮಿಥುನ್ ನೋಡುತ್ತ ನಿಂತಿದ್ದರು. "ಭಾನುವಾರದ ವ್ಯಾಪಾರ ಎಷ್ಟ್ ಅಂದ್ ಗೊತ್ತಿತ್ತಲ್ದಾ?" ಎಂದರು. ಗೊತ್ತಿತ್ತು. ಗಲ್ಲಾದಲ್ಲಿ ಕೂರುವವಳು ನಾನೇ. ಅಡುಗೆಯವರಿಗೆಲ್ಲ ರಜೆ ಹೇಳಿದೆ. ಅವರು ನಂಬದೆ ಎರಡೆರಡು ಸಲ ಕೇಳಿದರು. ಮಿಥುನ್ ಆ ರಾತ್ರಿ ಗೋಡೆಯ ಕಡೆ ತಿರುಗಿ ಮಲಗಿದರು.

ಭಾನುವಾರ ನಾಲ್ಕಕ್ಕೆ ತಾನಾಗಿಯೇ ಎಚ್ಚರವಾಯಿತು. ಏಳಲಿಲ್ಲ. ಫ್ಯಾನು ನೋಡುತ್ತ ಮಲಗಿದ್ದೆ. ಐದಾಯಿತು, ಆರಾಯಿತು, ಹಾಲಿನವನು ಬಂದು ಕೂಗಿ ಹೋದ. ಏಳಕ್ಕೆ ಸರಿಯಾಗಿ ಮಿಥುನ್ ಫೋನು ಹೊಡೆದುಕೊಂಡಿತು. ಅವರು ಕಿಟಕಿಯಿಂದ ಕೆಳಗೆ ಬಗ್ಗಿ ನೋಡಿ, ಎದ್ದು ನಿಂತೇ ಫೋನು ಎತ್ತಿದರು. ಶ್ರೀನಾಥರು ಶಟರಿನ ಎದುರು ನಿಂತಿದ್ದಾರೆಂದು ನನಗೆ ಎದ್ದು ನೋಡದೆಯೂ ತಿಳಿಯಿತು. ಬಿಲ್ಲು ಪಾವತಿಯಾಗಿತ್ತಲ್ಲ, ಬನ್ಸಿಗೆ ಬಂದಿದ್ದರು.

"ಹೌದು ಸಾರ್... ಇಲ್ಲ ಸಾರ್... ರಜೆ ಸಾರ್..." ಮಿಥುನ್ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಇನ್ನೂ ಸಿಟ್ಟು ಇತ್ತು. "ನಂಗ್ ಗೊತ್ತಿಲ್ಲ ಸಾರ್. ಹೋಟ್ಲಿನ ವಿಷ್ಯ ಅಲ್ದಾ, ಯಜಮಾನ್ತಿಗೆ ಕೊಡ್ತೆ" ಎಂದು ಫೋನನ್ನು ಹಾಸಿಗೆಯ ಮೇಲೆ, ನನ್ನ ಪಕ್ಕಕ್ಕೆ ಎಸೆದರು.

ನಾನು ಮಲಗಿಕೊಂಡೇ ಕಿವಿಗಿಟ್ಟುಕೊಂಡೆ. "ಸಾರ್, ಇನ್ಮೇಲೆ ಭಾನುವಾರ ರಜೆ. ನಾಳೆ ಬನ್ನಿ, ಬನ್ಸ್ ಇರ್ತದೆ. ಟೋಕನ್ ತಕಂಡ್ ಕೂಕಣಿ."

"ಆಯ್ತಮ್ಮಾ" ಎಂದರು ಶ್ರೀನಾಥರು.

ಫೋನು ಇಟ್ಟು ಮಗ್ಗುಲು ಬದಲಿಸಿದೆ. ನಿದ್ದೆ ಬರಲಿಲ್ಲ. ಆದರೂ ಎಂಟು ಹೊಡೆಯುವವರೆಗೆ ನಾನು ಏಳಲಿಲ್ಲ.